ನೀಲಿ ಕಂಡರೆ ನಿಧಾನ

ಮಾರ್ಚ್ ೪, ಸೋಮವಾರ
ಶೆಡ್ಡಿನಿಂದ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದ. ಇಲ್ಲಿ ನಾವೆಲ್ಲ ನೆಟ್ಟಗಿದ್ದೇವೆ. ನಿನ್ನ ಹೆಂಡತಿ ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಬಂದು ಈಗಷ್ಟೇ ಮಲಗಿದ್ದಾಳೆ. ನನ್ನ ಮಂಡಿ ಎಂದಿನಂತೆ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಅದೊಂದು ಬಿಟ್ಟರೆ ಗಟ್ಟಿಯಾಗಿದ್ದೇನೆ. ಬೆಕ್ಕು ಮರಿ ಹಾಕಿದೆ, ಅದೂ ನಿನ್ನ ಪ್ಲಾಸ್ಟರ್ ಚೀಲಗಳ ಮೇಲೆಯೇ. ಎಬ್ಬಿಸಲು ಹೋದರೆ ನನಗೇ ಗುರ್ ಅನ್ನುತ್ತದೆ, ಶೆಡ್ಡಿನ ಯಜಮಾನಿ ತಾನೇ ಎನ್ನುವಂತೆ.

ಕಾಗದ ತಡವಾಯಿತು, ಬೈಯಬೇಡ. ತಪ್ಪು ಅರ್ಧ ನನ್ನದು, ಅರ್ಧ ನಿಯಮದ್ದು. ಹೋದ ಸಲ ಬರೆದದ್ದು ಹಾಗೇ ವಾಪಸ್ಸು ಬಂತು. ಬೆಕ್ಕಿನ ವಿಷಯ ಬರೆದವಳು ಸುಮ್ಮನಿರಲಾರದೆ ಪಕ್ಕದಲ್ಲಿ ಮರಿಗಳ ಚಿತ್ರವನ್ನೂ ಬಿಡಿಸಿದ್ದೆ. ಲಕೋಟೆಯ ಮೇಲೆ ಮುದ್ರೆ ಒತ್ತಿ, ‘ಚಿತ್ರಗಳಿಗೆ ಅವಕಾಶವಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರು. ಮರಿಗಳು ಏನು ಪಿತೂರಿ ಮಾಡಿದ್ದವೋ ನನಗೆ ಗೊತ್ತಾಗಲಿಲ್ಲ. ನಿನ್ನ ಕೈ ಸೇರುವ ಮೊದಲು ಇದನ್ನು ಅಲ್ಲಿ ಒಬ್ಬರು ಓದುತ್ತಾರಂತೆ. ಓದುವ ಅಣ್ಣನಿಗೂ ನನ್ನ ನಮಸ್ಕಾರ. ಅಣ್ಣ, ಈ ಸಲ ಚಿತ್ರವಿಲ್ಲ, ಬರೀ ಮಾತು. ಅದೂ ನನ್ನ ಮಾತು, ಎಷ್ಟು ಉದ್ದವೆಂದು ಇವನನ್ನು ಕೇಳಿ.

ಅಲ್ಲವೋ, ನಿನ್ನ ಕಾಗದ ಎಲ್ಲಿ? ಮೊದಲೆರಡು ಬಂದವು. ಊಟ ಹೇಗಿದೆ, ಪಕ್ಕದವನ ಗೊರಕೆ ಹೇಗಿದೆ ಎಂದೆಲ್ಲ ಬರೆದಿದ್ದೆ. ಆಮೇಲೆ ಚಳಿಗಾಲ ಪೂರ್ತಿ ಒಂದು ಸಾಲೂ ಇಲ್ಲ. ಶಾಲೆಯಲ್ಲೂ ನೀನು ಹೀಗೇ, ಬರೆಯುವುದೆಂದರೆ ಮೈ ಭಾರ. ನಿನ್ನ ಹೆಂಡತಿ ದಿನಾ ಅಂಚೆ ಡಬ್ಬಿಗೆ ಕೈ ಹಾಕಿ ನೋಡಿ, ಏನೂ ಆಗದವಳ ಹಾಗೆ ಒಳಗೆ ಬರುತ್ತಾಳೆ. ನಾನೂ ಏನೂ ನೋಡದವಳ ಹಾಗೆ ಮಣ್ಣು ಕಲಸುತ್ತಾ ಕೂತಿರುತ್ತೇನೆ.

ಇರಲಿ, ಇವತ್ತು ಬೈಯುವ ದಿನವಲ್ಲ. ಒಳ್ಳೆಯ ಸುದ್ದಿಯಿದೆ. ಒಳ್ಳೆಯ ಸುದ್ದಿಯನ್ನು ನೇರವಾಗಿ ಹೇಳಿಬಿಡುವ ಅಭ್ಯಾಸ ನನಗಿಲ್ಲ, ಅದಕ್ಕೆ ಮೊದಲಿನಿಂದ ಹೇಳುತ್ತೇನೆ. ನಿನ್ನನ್ನು ಕರೆದುಕೊಂಡು ಹೋದ ಮೇಲೆ ಇಲ್ಲಿ ಏನೇನು ನಡೆಯಿತು ಎನ್ನುವುದು ನಿನಗೂ ಪೂರ್ತಿ ಗೊತ್ತಿಲ್ಲ.

ನೀನು ಆ ಫೋಟೊ ನೋಡಿಯೇ ಇಲ್ಲವಲ್ಲ. ಎದುರು ಮಹಡಿಯಿಂದ ತೆಗೆದದ್ದು. ನೀನು ಅಂಗಳದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದೀಯ. ನಮ್ಮ ನೆಂಟರು ನಿನ್ನ ಎರಡು ಮಂಡಿಗಳ ಮಧ್ಯೆ ಮಲಗಿದ್ದಾರೆ. ಅರ್ಧ ಮುಖ ಹೊರಗೆ ಬಂದಿದೆ, ಒಂದು ಕಣ್ಣು, ಮೂಗು, ಮೀಸೆಯ ಒಂದು ಕಡೆ. ಉಳಿದರ್ಧ ಇನ್ನೂ ಅಚ್ಚಿನೊಳಗೇ ಇದೆ. ನಿನ್ನ ಸುತ್ತಿಗೆ ಮೇಲೆ ಎತ್ತಿದೆ, ಉಳಿ ಸರಿಯಾಗಿ ಕೆನ್ನೆಯ ಹತ್ತಿರ. ಸುತ್ತಲೂ ಚೂರುಗಳು ಬಿದ್ದಿವೆ. ನಿನ್ನ ಬಾಯಲ್ಲಿ ಬೀಡಿ ಬೇರೆ. ನಿಜ ಹೇಳುತ್ತೇನೆ, ಕೆಲಸ ಗೊತ್ತಿಲ್ಲದವರು ಅದನ್ನು ನೋಡಿದರೆ ದೇಶದ ದೊಡ್ಡ ಮನುಷ್ಯರ ತಲೆಯನ್ನು ಒಬ್ಬ ಪೋಲಿ ಆರಾಮಾಗಿ ಒಡೆಯುತ್ತಿದ್ದಾನೆ ಎಂದೇ ಅಂದುಕೊಳ್ಳಬೇಕು. ನಾನು ನಿನ್ನ ಅಕ್ಕನಾಗಿರದಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆನೇನೋ.

(ಓದುವ ಅಣ್ಣನಿಗೆ: ನೆಂಟರು ಎಂದರೆ ಮೂರ್ತಿ. ಯಾರದೇ ಎದೆಮಟ್ಟದ ಮೂರ್ತಿಯಿರಲಿ, ನಮ್ಮ ಶೆಡ್ಡಿನಲ್ಲಿ ಇರುವಷ್ಟು ದಿನ ಅದು ನೆಂಟರೇ. ಒದ್ದೆ ಬಟ್ಟೆ ಹೊದಿಸಬೇಕು, ಬಿಸಿಲು ತಾಗದಂತೆ ನೋಡಬೇಕು, ಹೋಗುವಾಗ ಗಾಡಿಯವರೆಗೂ ಬಿಟ್ಟುಬರಬೇಕು. ನಮ್ಮ ಅಪ್ಪನ ಕಾಲದಿಂದ ಬಂದ ಮಾತು. ಅವಮಾನ ಏನೂ ಇಲ್ಲ.)

ತೆಗೆದವನು ಎದುರು ಮಹಡಿಯ ಟೈಲರ್. ದ್ವೇಷಕ್ಕಲ್ಲ. ನಿನ್ನ ಬೀಡಿ ನೋಡಿ ನಗು ಬಂದು ತೆಗೆದು, ತನ್ನ ನಾಲ್ಕು ಜನ ಸ್ನೇಹಿತರಿಗೆ ಕಳಿಸಿದ. ಅಲ್ಲಿಂದ ಯಾರೋ ಮೇಲೆ ‘ದ್ರೋಹಿ’ ಎಂದು ಬರೆದು ಊರಿಗೆಲ್ಲ ಹಂಚಿದರು. ಮಧ್ಯಾಹ್ನದ ಹೊತ್ತಿಗೆ ಜೀಪು ಬಂತು, ಅದು ನಿನಗೇ ಗೊತ್ತು. ಈಗ ಟೈಲರ್ ನನ್ನನ್ನು ಕಂಡರೆ ಅಂಗಡಿಯ ಶಟರ್ ಎಳೆದುಕೊಳ್ಳುತ್ತಾನೆ. ಒಂದು ದಿನ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತು ಅತ್ತ. ‘ಅಕ್ಕ, ನಾನು ತಮಾಷೆಗೆ ಹಾಕಿದ್ದು. ನಿಮ್ಮ ತಮ್ಮನ ಶರಟು ಹೊಲಿದುಕೊಟ್ಟಿರೋನು ನಾನು, ಅವನಿಗೆ ಕೆಟ್ಟದ್ದು ಬಯಸ್ತೀನಾ?’ ಎಂದ. ‘ಹಾಗಾದ್ರೆ ಕೋರ್ಟಿಗೆ ಬಂದು ಅದನ್ನೇ ಹೇಳಪ್ಪ’ ಎಂದೆ. ಮುಖ ಒರೆಸಿಕೊಂಡು, ‘ನನಗೂ ಮಕ್ಕಳಿದಾರೆ ಅಕ್ಕ’ ಎಂದು ಹೊರಟುಹೋದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದು ಎಷ್ಟು ಪ್ರಯತ್ನಪಟ್ಟರೂ ಆಗುತ್ತಿಲ್ಲ.

ಆಮೇಲೆ ಬೆಳ್ಳಿ ಪೆನ್ನಿನವರು. ನಮಗೆ ಈ ಕೆಲಸ ಕೊಟ್ಟ ಅಧಿಕಾರಿಗಳು. ಮಾತಾಡುವಾಗೆಲ್ಲ ಪೆನ್ನಿನ ಮುಚ್ಚಳ ತೆಗೆಯುತ್ತಾರೆ, ಬರೆಯುವ ಹೊತ್ತಿಗೆ ಹಾಕಿಕೊಳ್ಳುತ್ತಾರೆ, ನೆನಪಿದೆಯಲ್ಲ? ಅವರ ಸಮಿತಿ ಬಂದು ಬಂದು ಮಣ್ಣಿನ ಮುಖ ತಿದ್ದಿಸಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಒಬ್ಬರು ಗಲ್ಲದ ಮಾಂಸ ಇಳಿಸಿ ಎಂದರು, ಇನ್ನೊಬ್ಬರು ಕಣ್ಣಿನ ಕೆಳಗಿನ ಚೀಲ ತೆಗೆಯಿರಿ ಎಂದರು, ಮತ್ತೊಬ್ಬರು ಹಣೆಗೆ ಸ್ವಲ್ಪ ಯೌವನ ಕೊಡಿ ಎಂದರು. ನೀನು ಪ್ಲಾಸ್ಟರ್ ಜರಡಿ ಹಿಡಿಯುತ್ತಾ, ‘ಅಕ್ಕ, ಇವರು ಇನ್ನೆರಡು ಸಲ ಬಂದ್ರೆ ನೆಂಟರಿಗೆ ತೊಟ್ಟಿಲು ಮಾಡಿಸಬೇಕಾಗತ್ತೆ’ ಎಂದಿದ್ದೆ. (ಅಣ್ಣ, ಇದು ಸಮಿತಿಯ ಮೇಲೆ ಆಡಿದ ಮಾತು, ದೊಡ್ಡವರ ಮೇಲೆ ಅಲ್ಲ.) ಆ ಸಮಿತಿಯವರು ಒಬ್ಬೊಬ್ಬರೂ ನಿನ್ನನ್ನು ನೋಡಿದವರು, ನಿನ್ನ ಕೈಯಲ್ಲಿ ಚಹಾ ತೆಗೆದುಕೊಂಡು ಕುಡಿದವರು. ಅಚ್ಚು ಒಡೆಯುವುದೇ ಕೆಲಸದ ಕೊನೆಯ ಹಂತ ಎಂದು ಎಲ್ಲರಿಗೂ ಗೊತ್ತು. ಹೋಗಿ ಕೇಳಿದೆ. ಬೆಳ್ಳಿ ಪೆನ್ನಿನವರು ಮುಚ್ಚಳ ತೆಗೆದು, ‘ಖಂಡಿತ ಅಮ್ಮ, ನನಗೆ ಗೊತ್ತಿಲ್ವೇ’ ಎಂದರು. ‘ಹಾಗಂತ ಎರಡು ಸಾಲು ಬರೆದುಕೊಡಿ ಸ್ವಾಮಿ’ ಎಂದೆ. ಮುಚ್ಚಳ ಹಾಕಿದರು. ‘ನೋಡಿ, ಈ ಮುಖದ ಮೇಲೆ ಸುತ್ತಿಗೆ ಏಟು ಹಾಕೋದು ಸರಿ ಅಂತ ನಾನು ರುಜು ಹಾಕಿದ್ರೆ, ನಾಳೆ ಆ ಕಾಗದದ ಫೋಟೊ ಬರತ್ತೆ’ ಎಂದರು. ಅದೂ ನಿಜವೇ. ಎಲ್ಲರದೂ ನಿಜವೇ ಆಗಿರುವುದರಿಂದಲೇ ನನಗೆ ಎಲ್ಲಿ ಹಿಡಿಯಬೇಕೆಂದು ತಿಳಿಯದಾಗಿದೆ.

ಅಂದಹಾಗೆ, ನೆಂಟರು ಹೋಗಿ ಕೂರಬೇಕಿದ್ದ ಹೊಸ ಸಭಾಭವನದ ಉದ್ಘಾಟನೆ ನಿಲ್ಲಲಿಲ್ಲ. ಮೂರ್ತಿ ಠಾಣೆಯಲ್ಲಿತ್ತು, ಪೀಠ ಖಾಲಿ. ಖಾಲಿ ಪೀಠಕ್ಕೇ ಪರದೆ ಕಟ್ಟಿ, ಎಳೆದು, ಎಲ್ಲರೂ ಚಪ್ಪಾಳೆ ತಟ್ಟಿದರಂತೆ.

ನಮ್ಮ ಸಣ್ಣ ವಕೀಲರು (ಅವರ ಎತ್ತರಕ್ಕೆ ನೀನಿಟ್ಟ ಹೆಸರು, ಈಗ ನನ್ನ ಬಾಯಲ್ಲೂ ಅದೇ) ಬುದ್ಧಿವಂತರು. ‘ಅಮ್ಮ, ಒಂದೇ ದಾರಿ. ಆ ಅಚ್ಚಿನ ಉಳಿದರ್ಧ ಬಿಚ್ಚಿ, ಒಳಗಿಂದ ಮುಖ ಒಂದು ಗೀರೂ ಇಲ್ಲದೆ ಬಂತು ಅಂದ್ರೆ, ಒಡೀತಿದ್ದ ಅನ್ನೋ ಆರೋಪ ನಿಲ್ಲೋದಿಲ್ಲ’ ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಆ ಮೂರ್ತಿ ಈಗ ಸಾಕ್ಷಿಯ ವಸ್ತು. ಅದನ್ನು ಮುಟ್ಟಲು ಅಪ್ಪಣೆ ಬೇಕು. ಸುತ್ತಿಗೆಯಿಂದ ಮುಟ್ಟಲು ಅಪ್ಪಣೆ ಕೊಡುವವರು ಇಲ್ಲ. ಠಾಣೆಯವರು ಕಚೇರಿಗೆ ಕಳಿಸಿದರು, ಕಚೇರಿಯವರು ಕೋರ್ಟಿಗೆ ಕಳಿಸಿದರು, ಕೋರ್ಟಿನ ಗುಮಾಸ್ತರು ಠಾಣೆಗೆ ಹೋಗಿ ಎಂದರು. ನನ್ನ ಮಂಡಿಗೆ ಈ ಮೂರೂ ಕಟ್ಟಡಗಳ ಮೆಟ್ಟಿಲುಗಳ ಗುರುತು ಸಿಕ್ಕಿದೆ.

ಒಂದು ಸಲ ನೆಂಟರನ್ನು ನೋಡಲು ಬಿಟ್ಟರು. ಠಾಣೆಯ ಹಿಂದಿನ ಕೋಣೆಯಲ್ಲಿ ಮುರಿದ ಸೈಕಲ್ಲುಗಳ ನಡುವೆ ಗೋಣಿ ಹೊದೆದು ಕೂತಿದ್ದಾರೆ, ಒಂದೇ ಕಣ್ಣಿನಲ್ಲಿ ಬಾಗಿಲು ನೋಡುತ್ತಾ. ನಾನು ಮೂಗು ಸವರಿ ನೋಡಿದೆ. ಎಷ್ಟು ಚೆನ್ನಾಗಿ ಬಿಡಿಸಿದ್ದೀಯೋ! ಮೂಗಿನ ಹೊಳ್ಳೆಯ ಅಂಚು ಹೂವಿನ ಎಸಳಿನಷ್ಟು ತೆಳುವಾಗಿದೆ, ಒಂದು ಚೂರೂ ಹೋಗಿಲ್ಲ. ಆದರೆ ಇನ್ನರ್ಧದ ಅಚ್ಚು ಒಣಗಿ ಕಲ್ಲಾಗಿದೆ. ಒಂದೆರಡು ದಿನದಲ್ಲಿ ಬಿಚ್ಚಬೇಕಾದದ್ದು ಇಷ್ಟು ಕಾಲ ಕೂತಿದೆ. ಮುಖಕ್ಕೆ ಅಂಟದಿರಲೆಂದು ಅಚ್ಚಿನೊಳಗೆ ಸವರಿದ ಸಾಬೂನು ಒಣಗಿಹೋಗಿ ಈಗ ಅಚ್ಚು ಮುಖವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ದಿನ ಹೋದಷ್ಟೂ ಕಷ್ಟ. ನನ್ನಂಥವಳು ಹೊಡೆದರೆ ಅಚ್ಚಿನ ಜೊತೆ ಕೆನ್ನೆಯೂ ಕಿತ್ತು ಬರುತ್ತದೆ. ಆಗ ಆರೋಪ ನಿಜವಾಯಿತು ಎಂದೇ ಅರ್ಥ.

ಈಗ ಸುದ್ದಿ. ಹೋದ ಗುರುವಾರ ನ್ಯಾಯಾಧೀಶರು ನನ್ನನ್ನೇ ಕರೆದು ಕೇಳಿದರು. ವಯಸ್ಸಾದವರು, ತಾಳ್ಮೆಯವರು. ‘ನೀವು ಏನು ಮಾಡ್ತೀರಿ ಅಂತ ನನಗೆ ಅರ್ಥವಾಗೋ ಹಾಗೆ ಹೇಳಿ’ ಎಂದರು. ನಾನು ಹೇಳಿದೆ: ‘ಸ್ವಾಮಿ, ಮೊದಲು ನಾನು ಮಣ್ಣಲ್ಲಿ ಮುಖ ಮಾಡ್ತೀನಿ. ಅದರ ಮೇಲೆ ನನ್ನ ತಮ್ಮ ಅಚ್ಚು ಹಾಕ್ತಾನೆ. ಮೊದಲ ಪದರ ತೆಳ್ಳಗೆ, ಬಟ್ಟೆಗೆ ಹಾಕೋ ನೀಲಿ ಕಲಸಿದ ಪ್ಲಾಸ್ಟರ್. ಅದರ ಮೇಲೆ ದಪ್ಪಗೆ ಬಿಳಿ ಪ್ಲಾಸ್ಟರ್. ಗಟ್ಟಿಯಾದ ಮೇಲೆ ಮಣ್ಣನ್ನ ಕಿತ್ತು ತೆಗೀತಾನೆ, ಆ ಟೊಳ್ಳಿಗೆ ಹೊಸ ಪ್ಲಾಸ್ಟರ್ ತುಂಬ್ತಾನೆ. ಈಗ ಮೂರ್ತಿ ಒಳಗೆ, ಅಚ್ಚು ಹೊರಗೆ. ಅಚ್ಚನ್ನ ಒಡೆದೇ ತೆಗೀಬೇಕು, ಬೇರೆ ದಾರಿಯಿಲ್ಲ. ಬಿಳಿ ಇರೋವರೆಗೂ ಧೈರ್ಯವಾಗಿ ಹೊಡೀಬಹುದು. ನೀಲಿ ಕಂಡರೆ ನಿಧಾನ. ಯಾಕಂದ್ರೆ ನೀಲಿಯ ಕೆಳಗೆ ಮುಖ ಇರತ್ತೆ.’

ಅವರು ಆ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ‘ಆ ನೀಲಿ ಇರೋದೇ ಮುಖಕ್ಕೆ ಏಟು ಬೀಳದಿರಲಿ ಅಂತಾನಾ?’ ಎಂದು ಕೇಳಿದರು. ‘ಹೌದು ಸ್ವಾಮಿ, ಅದಕ್ಕೇ’ ಎಂದೆ. ಇಷ್ಟು ದಿನಗಳಲ್ಲಿ ಒಬ್ಬರಾದರೂ ಸರಿಯಾದ ಪ್ರಶ್ನೆ ಕೇಳಿದರಲ್ಲ ಎನಿಸಿತು.

ಆದೇಶ ಹೀಗಾಯಿತು. ತಿಂಗಳ ಕೊನೆಯ ವಿಚಾರಣೆಗೆ ಮೂರ್ತಿಯನ್ನು ಕೋರ್ಟಿಗೆ ತರುತ್ತಾರೆ. ಉಳಿದ ಅಚ್ಚನ್ನು ಎಲ್ಲರೆದುರು ನೀನೇ ಬಿಚ್ಚಬೇಕು. ನಾನು ಮಾಡುತ್ತೇನೆ ಎಂದೆ, ಒಪ್ಪಲಿಲ್ಲ. ‘ನೀವು ಮಾಡಿದ್ರೆ ನಿಮಗೆ ಬರತ್ತೆ ಅಂತಾಗತ್ತೆ. ಅವನು ಮಾಡ್ತಿದ್ದದ್ದು ಈ ಕೆಲಸವೇ ಆಗಿದ್ರೆ ಅವನೇ ಮಾಡಿ ತೋರಿಸಲಿ’ ಎಂದರು. ಮಾತು ನ್ಯಾಯವಾಗಿಯೇ ಇದೆ. ಮುಖ ಪೂರ್ತಿಯಾಗಿ ಬಂದರೆ ಅಂದೇ ನೀನು ಮನೆಗೆ ಬರುತ್ತೀಯೆಂದು ಸಣ್ಣ ವಕೀಲರು ಹೇಳಿದರು.

ಮೆಟ್ಟಿಲು ಇಳಿಯುವಾಗ ಮಂಡಿ ನೋವೇ ಗೊತ್ತಾಗಲಿಲ್ಲ ಕಣೋ. ಪ್ರಪಂಚದಲ್ಲಿ ನಿನಗೆ ಬರುವುದು ಇದೊಂದೇ ಕೆಲಸ, ಇದನ್ನೇ ಮಾಡಿ ತೋರಿಸು ಎನ್ನುತ್ತಿದ್ದಾರೆ! ನಿನ್ನ ಸಣ್ಣ ಉಳಿ, ಹಿಡಿಗೆ ಬಟ್ಟೆ ಸುತ್ತಿದ್ದು, ತೆಗೆದು ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಶನಿವಾರ ನಿನ್ನನ್ನು ನೋಡಲು ಬಿಡುತ್ತಾರಂತೆ. ನಿನ್ನ ಹೆಂಡತಿ ರಜೆ ಹಾಕಿದ್ದಾಳೆ. ಬಂದು ಬಾಯಾರೆ ಹೇಳುತ್ತೇನೆ. ಈ ಕಾಗದ ಮುಗಿಸುವುದು ಆಮೇಲೆ.

ಮಾರ್ಚ್ ೧೩, ಬುಧವಾರ

ಕಾಗದ ಇಲ್ಲಿಗೇ ನಿಂತಿತ್ತು. ಈಗ ಮತ್ತೆ ಕೂತಿದ್ದೇನೆ. ಮೇಲೆ ಬರೆದದ್ದನ್ನು ಓದಿದರೆ ಯಾರೋ ಬೇರೆ ಹೆಂಗಸು ಬರೆದ ಹಾಗಿದೆ. ಹರಿದುಹಾಕೋಣ ಎನಿಸಿತು, ಆದರೆ ನೀನು ಅಷ್ಟು ಸಂತೋಷವನ್ನಾದರೂ ಓದಲಿ ಎಂದು ಬಿಟ್ಟೆ.

ಶನಿವಾರ ನೀನು ಚೆನ್ನಾಗಿಯೇ ಇದ್ದೆ. ತೆಳ್ಳಗಾಗಿದ್ದೀಯ, ಆದರೆ ನಿನಗೆ ಅದು ಒಪ್ಪುತ್ತದೆ, ಹೊಟ್ಟೆ ಕರಗಿದೆ. ಆ ಸೆಕೆಯಲ್ಲೂ ತುಂಬುತೋಳಿನ ಸ್ವೆಟರ್ ಯಾಕೆ ಹಾಕಿದ್ದೆಯೋ, ನೋಡಿದರೆ ನಮಗೇ ಬೆವರು. ನಮ್ಮ ನಡುವೆ ಆ ಉದ್ದನೆಯ ಮೇಜು, ತುದಿಯಲ್ಲಿ ಕುರ್ಚಿಯಲ್ಲಿ ಕಾವಲಿನವರು. ನಾನು ಕೋರ್ಟಿನ ಸುದ್ದಿ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ನೀನು ಕುಣಿದಾಡುತ್ತೀಯ ಎಂದುಕೊಂಡಿದ್ದೆ. ‘ನೋಡೋಣ ಅಕ್ಕ’ ಎಂದೆ, ಅಷ್ಟೆ. ಆ ಕೋಣೆಯಲ್ಲಿ ಅಷ್ಟು ಜನ ಒಟ್ಟಿಗೆ ಮಾತಾಡುತ್ತಿದ್ದರಲ್ಲ, ಸರಿಯಾಗಿ ಕೇಳಿಸಿರಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಿದೆ. ಆಗಲೂ ಅದೇ ಮಾತು.

ಕಿತ್ತಳೆ ಹಣ್ಣಿನ ವಿಷಯಕ್ಕೆ ಇಲ್ಲಿ ನಾನು ಇನ್ನೂ ನಗುತ್ತಿದ್ದೇನೆ. ಮುಂದಿಟ್ಟರೆ ಮುಟ್ಟಲಿಲ್ಲ, ‘ಸುಲಿದು ಕೊಡಕ್ಕ’ ಎಂದೆ. ಸುಲಿದು ಮುಂದೆ ಹಿಡಿದರೆ ಹಕ್ಕಿಮರಿಯ ಹಾಗೆ ಬಾಯಿ ತೆರೆದೆ. ನಲವತ್ತು ದಾಟಿದ ಗಂಡಸು, ಹೆಂಡತಿಯ ಎದುರಿಗೇ ಅಕ್ಕನ ಕೈಯಿಂದ ತಿನ್ನಿಸಿಕೊಳ್ಳುತ್ತೀಯಲ್ಲೋ! ಕಾವಲಿನವರೂ ನಕ್ಕರು. ಚಿಕ್ಕವನಿದ್ದಾಗಲೂ ಹೀಗೇ ಮಾಡುತ್ತಿದ್ದೆ, ಜ್ವರ ಬಂದರೆ ಸಾಕು, ಕೈ ಎತ್ತುತ್ತಿರಲಿಲ್ಲ. ನಿನ್ನ ಹೆಂಡತಿ ಸಿಪ್ಪೆ ಬೀಳಿಸಿ ಆರಿಸಲು ಮೇಜಿನ ಕೆಳಗೆ ಬಗ್ಗಿದವಳು ಎಷ್ಟು ಹೊತ್ತಾದರೂ ಏಳಲಿಲ್ಲ. ನಾಚಿಕೆಯಿಂದ ಅಲ್ಲೇ ಕೂತಳೇನೋ ಎಂದು ನಾನು ಚೇಷ್ಟೆ ಮಾಡಿದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾವಿಬ್ಬರೂ ಮಾತಾಡಲಿಲ್ಲ, ಸುಸ್ತಾಗಿತ್ತು.

ನಿನ್ನೆ ಸಣ್ಣ ವಕೀಲರು ಬಂದಿದ್ದರು. ಕೂರಲೂ ಇಲ್ಲ. ‘ಏನಮ್ಮ ನಿಮ್ಮ ತಮ್ಮ? ಬಾಗಿಲು ತೆಗೆದು ಹಿಡ್ಕೊಂಡು ನಿಂತಿದ್ದೀವಿ, ಹೊರಗೆ ಬರಲ್ಲ ಅಂತಾನೆ’ ಎಂದರು. ಕೋರ್ಟಿನಲ್ಲಿ ಅಚ್ಚು ಬಿಚ್ಚಲಾರೆ ಎಂದೆಯಂತೆ. ಯಾಕೆ ಎಂದರೆ ಗೋಡೆ ನೋಡಿದೆಯಂತೆ. ಎರಡು ಸಲ ಕೇಳಿದಾಗ, ‘ನನಗೆ ಮರೆತುಹೋಗಿದೆ’ ಎಂದೆಯಂತೆ. ವಕೀಲರು ತಲೆ ಚಚ್ಚಿಕೊಂಡರು. ನೀನು ಮಾಡದಿದ್ದರೆ, ಅದು ನಿನ್ನ ಕೆಲಸವೇ ಅಲ್ಲ, ನಿಜವಾಗಿಯೂ ಒಡೆಯಲೆಂದೇ ಕೂತಿದ್ದೆ ಎಂದು ಎದುರು ಪಕ್ಷದವರು ಹೇಳುತ್ತಾರೆ. ವರ್ಷಗಟ್ಟಲೆ ಒಳಗಿರಬೇಕಾಗುತ್ತದೆ. ಬೆಳ್ಳಿ ಪೆನ್ನಿನವರಿಗೆ ಆಗಲೇ ಸುದ್ದಿ ಮುಟ್ಟಿದೆ. ‘ಅವನಿಗೇ ಧೈರ್ಯ ಇಲ್ಲ ಅಂದ್ರೆ ನಾವೇನು ಮಾಡೋಣ’ ಎಂದರಂತೆ, ಬಹುಶಃ ಮುಚ್ಚಳ ತೆಗೆದುಕೊಂಡು.

ಮರೆತುಹೋಗಿದೆಯಂತೆ! ಅಪ್ಪ ನನ್ನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ನಿನಗೆ ಕೊಟ್ಟ ದಿನ ನಿನಗೆ ನೆನಪಿಲ್ಲವೆ? ನಾನು ಅವಸರದವಳು. ನೀಲಿ ಬಂದದ್ದೂ ಕಾಣದೆ ಹೊಡೆದು ಯಾವುದೋ ಪುರಸಭೆಯ ಅಧ್ಯಕ್ಷರ ಕಿವಿ ಹಾರಿಸಿದ್ದೆ. ಅಪ್ಪ ಬೈಯಲಿಲ್ಲ. ‘ನೀನು ಮಣ್ಣು ಮಾಡು, ಇದು ಅವನ ಕೈಗೆ’ ಎಂದರು. ನೀನು ಮೂಗು ಸುರಿಸುತ್ತಾ ಕೂತು, ಉಳಿಯನ್ನು ಎರಡು ಬೆರಳಲ್ಲಿ ಹಿಡಿದು, ಮೊಟ್ಟೆಯ ಸಿಪ್ಪೆ ಬಿಡಿಸುವ ಹಾಗೆ ಬಿಡಿಸಿದೆ. ಅಂದಿನಿಂದ ನಾನು ಮಾಡಿದ ಒಂದೇ ಒಂದು ಮುಖವೂ ನಿನ್ನ ಕೈಯಲ್ಲಿ ಕೆಟ್ಟಿಲ್ಲ. ಎಷ್ಟು ಮಂತ್ರಿಗಳು, ಎಷ್ಟು ಅಧ್ಯಕ್ಷರು, ಗೆದ್ದವರು, ಸೋತವರು, ಗೋದಾಮಿಗೆ ಹೋದವರು! ಅವರಲ್ಲಿ ಯಾರೊಬ್ಬರಿಗೂ ನಿನ್ನಿಂದ ನೋವಾಗಿಲ್ಲ.

ಹೀಗೆಲ್ಲ ಬೈದುಕೊಂಡು ಕೂತಿದ್ದೇನೆ. ನೀನು ಹಟಮಾರಿ, ನಿನ್ನ ಹಟವನ್ನು ಹೊತ್ತು ತಿರುಗಿ ನನಗೆ ಸಾಕಾಗಿದೆ ಎಂದೆಲ್ಲ ಬರೆಯಬೇಕೆಂದಿದ್ದೆ. ಬರೆದರೆ ಅಕ್ಷರಗಳೇ ನನ್ನನ್ನು ನೋಡಿ ನಗುತ್ತವೆ.

ಶೆಡ್ಡಿನ ಸುದ್ದಿ ಹೇಳುತ್ತೇನೆ. ಶನಿವಾರದಿಂದ ನಾನು ಸುತ್ತಿಗೆ ಹಿಡಿದಿದ್ದೇನೆ. ಕಿಟಕಿ ಬಾಗಿಲು ಹಾಕಿಕೊಂಡು, ಟೈಲರ್‌ಗೆ ಸದ್ದು ಕೇಳದಿರಲೆಂದು ರೇಡಿಯೊ ಜೋರಾಗಿ ಇಟ್ಟು, ಅಚ್ಚು ಒಡೆಯುವುದನ್ನು ಕಲಿಯುತ್ತಿದ್ದೇನೆ. ಹಿಡಿಗಾತ್ರದ ಮುಖಗಳನ್ನು ಮಾಡಿ, ನೀಲಿ ಹಚ್ಚಿ, ಬಿಳಿ ಮುಚ್ಚಿ, ತುಂಬಿ, ಬಿಡಿಸುವುದು. ಯಾರ ಮುಖ ಗೊತ್ತೇ? ನನ್ನದೇ. ನನ್ನ ಮುಖಕ್ಕೆ ನಾನೇ ಸುತ್ತಿಗೆ ಹಾಕಿದರೆ ಯಾರೂ ಕೇಸು ಹಾಕುವಂತಿಲ್ಲ. ಮೊದಲನೆಯದಕ್ಕೆ ಮೂಗು ಹೋಯಿತು. ಎರಡನೆಯದಕ್ಕೆ ಮೂಗಿನ ಜೊತೆ ತುಟಿಯೂ ಹೋಯಿತು. ನಿನ್ನೆಯದು ಪರವಾಗಿಲ್ಲ, ಒಂದು ಹುಬ್ಬು ಮಾತ್ರ ಕಿತ್ತುಬಂತು. ನಿನ್ನ ಹೆಂಡತಿ ನೋಡಿ, ‘ಅಕ್ಕ, ಇದರಲ್ಲಿ ನೀವು ಸ್ವಲ್ಪ ಶಾಂತವಾಗಿ ಕಾಣ್ತೀರಿ’ ಎಂದಳು. ಈ ವಯಸ್ಸಿನಲ್ಲಿ ಯಾಕೆ ಈ ಹೊಸ ಹುಚ್ಚು ಎಂದು ಕೇಳಬೇಡ. ಸುಮ್ಮನೆ ಕೂರಲಾಗುವುದಿಲ್ಲ, ಅಷ್ಟೆ.

ಬೆಕ್ಕಿನ ಮರಿಗಳು ಕಣ್ಣು ಬಿಟ್ಟಿವೆ. ಒಂದಕ್ಕೆ ಮೈಯೆಲ್ಲ ಬಿಳಿ, ಮೂಗಿನ ಮೇಲೆ ಮಾತ್ರ ಮಸಿ ಮೆತ್ತಿದಂತಿದೆ, ಅದಕ್ಕೆ ನೀನೇ ಹೆಸರಿಡಬೇಕಂತೆ. ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದೇವೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀರು ಹೆಚ್ಚು ಕುಡಿ. ಪಕ್ಕದವನು ಗೊರಕೆ ಹೊಡೆದರೆ ಬೈಯಬೇಡ, ಅವನೂ ಯಾರದೋ ತಮ್ಮನೇ. ನಿನಗೆ ಒಳ್ಳೆಯ ನಿದ್ದೆ ಬರಲಿ, ನಿನ್ನ ಮೈ ಗಟ್ಟಿಯಾಗಿರಲಿ, ನಿನ್ನ ಸುತ್ತ ಇರುವವರ ಮನಸ್ಸು ಮೆತ್ತಗಿರಲಿ. ನನಗೆ ಯಾವ ದೇವರನ್ನು ಎಷ್ಟು ಕೇಳಬೇಕೆಂದು ಗೊತ್ತಿಲ್ಲ, ಕಂಡವರನ್ನೆಲ್ಲ ಕೇಳುತ್ತಿದ್ದೇನೆ. ನೂರು ವರ್ಷ ಬಾಳು.

ಇತಿ ನಿನ್ನ
ಅಕ್ಕ

ಮರೆತ ಮಾತು: ಹೀಗೆ ಶುರು ಮಾಡಿದೆ, ಆದರೆ ಮರೆತಿರಲಿಲ್ಲ.

ಶನಿವಾರ ನಿನ್ನ ಹೆಂಡತಿ ಸಿಪ್ಪೆಯನ್ನು ಬೇಕೆಂದೇ ಬೀಳಿಸಿದಳು. ನೀನು ಬಂದು ಕೂತಾಗಿನಿಂದ ಕೈಗಳನ್ನು ಮೇಲಕ್ಕೆ ತಂದಿರಲಿಲ್ಲ. ನಾನೂ ನೋಡಿದ್ದೆ, ನೋಡದ ಹಾಗೆ ತಮಾಷೆ ಮಾಡುತ್ತಿದ್ದೆ. ಅವಳು ನರ್ಸ್, ನೋಡದೆ ಇರಲಾರಳು. ಮನೆಗೆ ಬಂದು, ಕೈಕಾಲು ತೊಳೆದು, ಪಾತ್ರೆಗಳನ್ನೆಲ್ಲ ತೊಳೆದು ಮುಗಿಸಿ ಆಮೇಲೆ ಹೇಳಿದಳು. ‘ಅಕ್ಕ, ಸ್ವೆಟರ್ ತೋಳಿಂದ ಬೆರಳು ಸ್ವಲ್ಪ ಹೊರಗಿತ್ತು. ಮುರಿದದ್ದು ಕಟ್ಟು ಹಾಕದೆ ಹಾಗೇ ಕೂಡಿಕೊಂಡಿದೆ. ತುಂಬಾ ದಿನ ಆಗಿದೆ’ ಎಂದಳು. ಆಮೇಲೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯಲು ಶುರು ಮಾಡಿದಳು.

ಓದುವ ಅಣ್ಣ, ನಾನು ಯಾರ ಮೇಲೂ ದೂರು ಹೇಳುತ್ತಿಲ್ಲ. ಯಾರು, ಯಾವಾಗ, ಹೇಗೆ ಎಂದು ಕೇಳುತ್ತಲೂ ಇಲ್ಲ. ಬಿದ್ದಿರಬಹುದು, ಬಾಗಿಲಿಗೆ ಸಿಕ್ಕಿರಬಹುದು. ನೀವು ಏನು ಹೇಳಿದರೂ ಸರಿ, ನಾನು ಒಪ್ಪುತ್ತೇನೆ. ಈ ಸಾಲುಗಳ ಮೇಲೆ ಮಸಿ ಬಳಿಯಲೇಬೇಕಾದರೆ ಇಲ್ಲಿಯವರೆಗೆ ಬಳಿಯಿರಿ, ಮುಂದಿನದನ್ನು ಮಾತ್ರ ಅವನಿಗೆ ಬಿಡಿ.

ತಮ್ಮಾ, ನಿನಗೆ ಮರೆತಿಲ್ಲ ಎಂದು ನನಗೆ ಗೊತ್ತು. ನೀನು ಹೇಳುತ್ತಾ ಹೋದಂತೆ ಏಟು ನಾನು ಹೊಡೆಯುತ್ತೇನೆ, ಹಾಗೆ ಕೋರ್ಟಿನಲ್ಲಿ ಕೇಳಿ ನೋಡಿ ಎಂದು ವಕೀಲರಿಗೆ ಹೇಳಿದೆ. ‘ಅವನೇ ಯಾಕೆ ಹೊಡೀಬಾರದು ಅಂತ ಕೇಳ್ತಾರಲ್ಲಮ್ಮ, ಏನು ಹೇಳಲಿ?’ ಎಂದರು. ನೀನು ಗೋಡೆ ನೋಡಿದ ಹಾಗೆ ನಾನೂ ಗೋಡೆ ನೋಡಿದೆ. ಆದರೂ ಕಲಿಯುವುದನ್ನು ಬಿಟ್ಟಿಲ್ಲ. ನ್ಯಾಯಾಧೀಶರು ಒಪ್ಪಿದರೂ ಒಪ್ಪಬಹುದು.

ಇದರ ಜೊತೆ ಒಂದು ಖಾಲಿ ಹಾಳೆ ಇಟ್ಟಿದ್ದೇನೆ. ಬರೆಯುವುದು ಬೇಡ. ಒಂದು ಕೈಯಾದರೂ ಸರಿಯಿದ್ದರೆ ಅದರಲ್ಲಿ ಒಂದು ಗೆರೆ ಎಳೆದು ಕಳಿಸು. ಸೊಟ್ಟಗಿದ್ದರೂ ಪರವಾಗಿಲ್ಲ. ಒಂದು ಗೆರೆ ಚಿತ್ರವಲ್ಲ, ಅಣ್ಣನವರೂ ಒಪ್ಪುತ್ತಾರೆ. ಎರಡೂ ಹೋಗಿದ್ದರೆ ಹಾಳೆಯನ್ನು ಹಾಗೇ ಕಳಿಸಿಬಿಡು, ಅವಳು ಅಂಚೆ ಡಬ್ಬಿಗೆ ಹೋಗುವ ಮೊದಲು ನಾನೇ ಹೋಗಿ ತೆಗೆದುಕೊಳ್ಳುತ್ತೇನೆ.